ಕಡವೆಯ ಹಿಂದೆ ಸೈಕಲ್ ತುಳಿದ ನರಿ

ಒಂದು ಕಾಡಿನಲ್ಲಿ ವರ್ಷಕ್ಕೊಮ್ಮೆ ಮೂರು ದಿನಗಳ ಸೈಕಲ್ ರೇಸ್ ನಡೆಯುತ್ತಿತ್ತು. ಮೊದಲ ದಿನ ಹೊಳೆಯ ದಂಡೆ, ಎರಡನೇ ದಿನ ಗುಡ್ಡ, ಮೂರನೇ ದಿನ ಹುಲ್ಲುಬಯಲು. ಮೂರೂ ದಿನ ಹಿಡಿದ ಹೊತ್ತನ್ನು ಕೂಡಿಸಿ, ಯಾರದು ಕಡಿಮೆಯೋ ಅವರೇ ಗೆದ್ದ ಹಾಗೆ. ತುಳಿಯುವವರು ದೊಡ್ಡ ಪಟುಗಳೇನಲ್ಲ. ಕೆಲಸಕ್ಕೆ ರಜೆ ಹಾಕಿ, ಹಳೆಯ ಸೈಕಲ್ಲಿಗೆ ಎಣ್ಣೆ ಬಿಟ್ಟುಕೊಂಡು ಬರುವವರು. ಗೆದ್ದವರಿಗೆ ಒಂದು ಕಾಡುಮಲ್ಲಿಗೆ ಹಾರ, ಅಷ್ಟೆ.

ಕಡವೆಗೆ ಆ ಹಾರವೂ ಬೇಕಿರಲಿಲ್ಲ. ಹಿಂದಿನ ನಾಲ್ಕು ವರ್ಷವೂ ಅದು ಬಯಲಿನ ಗಾಳಿಗೆ ಸೋತು ಅರ್ಧದಲ್ಲೇ ಇಳಿದಿತ್ತು. ಈಗ ಮಂಡಿ ಸವೆದಿತ್ತು. ಮುಂದಿನ ವರ್ಷ ತುಳಿಯಲಾಗದು ಎಂದು ಅದಕ್ಕೆ ಗೊತ್ತಿತ್ತು. ಒಂದೇ ಒಂದು ಸಲ ಕೊನೆಯ ಗೆರೆ ದಾಟಬೇಕು, ಅದರ ಆಸೆ ಅಷ್ಟೇ.

ಇದು ನರಿಯ ಕಿವಿಗೆ ಬಿತ್ತು. ಕಡವೆಯದು ಅಗಲವಾದ ಮೈ. ಅದರ ಹಿಂದೆ ತುಳಿದರೆ ಗಾಳಿ ತಾಗದು, ಅರ್ಧ ಶಕ್ತಿ ಉಳಿಯುತ್ತದೆ.

"ಕಡವೆಯಣ್ಣ, ಜೊತೆಯಾಗಿ ಹೋಗೋಣ. ಎರಡು ದಿನ ನೀನು ಮುಂದಿರು. ಬಯಲಿನಲ್ಲಿ ನಾನು ಮುಂದೆ. ನಿನ್ನನ್ನು ಗೆರೆ ದಾಟಿಸೋದು ನನ್ನ ಜವಾಬ್ದಾರಿ" ಎಂದಿತು ನರಿ.

"ನಿನ್ನ ಮೈ ಸಣ್ಣದಲ್ಲವೇನಪ್ಪ?"

"ನೀನು ತಲೆ ಬಗ್ಗಿಸಿ ತುಳಿದರೆ ಸಾಕು."

ಪಾಪ, ಕಡವೆ ನಂಬಿತು. ಎರಡು ದಿನ ಅದು ಗಾಳಿಗೆ ಎದೆಯೊಡ್ಡಿ ತುಳಿಯಿತು. ನರಿ ಮರೆಯಲ್ಲಿ ಬೆಲ್ಲ ಮೆಲ್ಲುತ್ತಾ ಬಂತು. ಆಯಾ ದಿನದ ಗೆರೆ ಹತ್ತಿರವಾದಾಗ ಮಾತ್ರ ಪಕ್ಕಕ್ಕೆ ಸರಿದು ಮುಂದೆ ನುಗ್ಗುತ್ತಿತ್ತು. ರೇಸಿನಲ್ಲಿದ್ದ ಹಂದಿ, ಮೊಲ, ಮುಳ್ಳುಹಂದಿ ಇದನ್ನೆಲ್ಲ ನೋಡಿದವು. ಕಡವೆಗೆ ಯಾರೂ ಏನೂ ಹೇಳಲಿಲ್ಲ.

ಮೂರನೇ ದಿನ ಬಯಲಿನಲ್ಲಿ ಗಾಳಿ ಜೋರಾಗಿತ್ತು. ಮುಂದಿದ್ದವರು ಮೊಣಕೈ ಅಲುಗಿಸಿದರೆ ಹಿಂದಿದ್ದವರು ಮುಂದೆ ಬರಬೇಕು, ಅದು ಅಲ್ಲಿನ ರೂಢಿ. ಇನ್ನೂ ಮುಂದೆಯೇ ಇದ್ದ ಕಡವೆ ಮೊಣಕೈ ಅಲುಗಿಸಿತು.

"ಚೈನು ಸದ್ದು ಮಾಡ್ತಿದೆ ಅಣ್ಣ. ಆ ಮರ ದಾಟಲಿ" ಎಂದಿತು ನರಿ.

ಮರ ದಾಟಿತು. ಕಡವೆ ಮತ್ತೆ ಅಲುಗಿಸಿತು.

"ಹೊಟ್ಟೆ ಹಿಡ್ಕೊಂಡಿದೆ. ಇನ್ನು ಸ್ವಲ್ಪ ದೂರ."

ಮೂರನೇ ಸಲ ನರಿ ನೋಡದ ಹಾಗೆ ಬೆಲ್ಲ ಬಾಯಿಗೆ ಹಾಕಿಕೊಂಡಿತು. ಅಷ್ಟರಲ್ಲಿ ಕಡವೆಯ ಮಂಡಿ ಕೈಕೊಟ್ಟಿತು. ಅದು ಕಾಲೂರಿ ನಿಂತಿತು.

"ನಿಧಾನವಾಗಿ ಮುಂದೆ ಹೋಗಪ್ಪ, ನಿನ್ನ ಹಿಂದೆ ಹೇಗಾದರೂ ಬರ್ತೀನಿ."

"ನಿನ್ನ ಕಾಯ್ತಾ ಕೂತರೆ ನನ್ನ ಹಾರ ಹೋಗುತ್ತೆ" ಎಂದು ನರಿ ಹೊರಟೇಹೋಯಿತು.

ಎರಡು ದಿನ ಕಡವೆಯ ಬಾಲ ನೋಡಿಕೊಂಡು ಬಂದವನಿಗೆ ಗಾಳಿ ಎಂದರೇನು ಗೊತ್ತು? ನೂರು ಮಾರು ಹೋಗುವುದರೊಳಗೆ ತೊಡೆ ನಡುಗಿತು. ನರಿ ಮೊಣಕೈ ಅಲುಗಿಸಿತು. ಹಿಂದೆ ಯಾರೂ ಇರಲಿಲ್ಲ.

ಆಗ ಹಂದಿ, ಮೊಲ, ಮುಳ್ಳುಹಂದಿ ಸರದಿಯಂತೆ ಮುಂದಾಗುತ್ತಾ ಸಾಲಾಗಿ ಬಂದವು. ನರಿ ಸಾಲಿನ ಕೊನೆಗೆ ಸೇರಿಕೊಳ್ಳಲು ನೋಡಿತು.

"ಇಲ್ಲಿ ಎಲ್ಲರಿಗೂ ಸರದಿ ಇದೆ. ಮೊದಲು ಮುಂದೆ ಬಾ" ಎಂದಿತು ಹಂದಿ.

ನರಿ ಮುಂದೆ ಹೋಗಿ ಹತ್ತು ಸಲ ಪೆಡಲ್ ತುಳಿಯಿತು. ಆಮೇಲೆ ಆಗಲಿಲ್ಲ. ಸಾಲು ಅದನ್ನು ಬಿಟ್ಟು ಹೋಯಿತು.

ಎಲ್ಲರಿಗಿಂತ ಹಿಂದೆ, ರೇಸ್ ಬಿಟ್ಟವರನ್ನು ಹತ್ತಿಸಿಕೊಳ್ಳುವ ಆಮೆಯ ಗಾಡಿ ಬಂತು. ತೆರೆದ ಗಾಡಿ. ಅದರಲ್ಲಿ ಕಡವೆ ಮಂಡಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಕೂತಿತ್ತು. ಅದರ ಕಣ್ಣು ತುಂಬಿತ್ತು. ನರಿ ಹತ್ತಿ, ಗಾಳಿ ತಾಗದ ಜಾಗ ನೋಡಿ ಕಡವೆಯ ಬೆನ್ನ ಹಿಂದೆಯೇ ಕೂತಿತು.

ಕಡವೆ ಕುಂಟುತ್ತಾ ಎದ್ದು ಗಾಡಿಯ ಹಿಂದಿನ ತುದಿಗೆ ಹೋಗಿ ಕೂತಿತು. ದಾರಿಯುದ್ದಕ್ಕೂ ಗಾಳಿ ನರಿಯ ಮುಖಕ್ಕೇ ಬಡಿಯಿತು.

ಅವರು ತಲುಪುವಾಗ ಹಾರ ಮೊಲದ ಕೊರಳಿಗೆ ಬಿದ್ದಾಗಿತ್ತು. ನೋಡಲು ಬಂದಿದ್ದ ಪ್ರಾಣಿಗಳು ಚದುರಿದ್ದವು. ಗಾಡಿ ಕೊನೆಯ ಗೆರೆ ದಾಟಿತು. ಕಡವೆ ಆ ಗೆರೆಯ ಕಡೆ ನೋಡಲಿಲ್ಲ.

ನೀತಿ: ಇನ್ನೊಬ್ಬರ ಮರೆಯಲ್ಲಿ ಸಾಗಿ, ತನ್ನ ಸರದಿ ಬಂದಾಗ ಜಾರಿಕೊಳ್ಳುವವನು ಕೊನೆಗೆ ಗಾಳಿಗೆ ಒಬ್ಬನೇ ಸಿಕ್ಕಿಬೀಳುತ್ತಾನೆ. ಆದರೆ ಅಷ್ಟರಲ್ಲಿ ಅವನನ್ನು ನಂಬಿದವರ ಆಸೆಯೂ ಹಾಳಾಗಿರುತ್ತದೆ.