ಫಕೀರವ್ವನ ನಡಿಗೆ

ಹೊಳೆದಂಡೆಯ ಆಶ್ರಮದಲ್ಲಿ ಅಡವಯ್ಯಜ್ಜ ಅಂತ ಒಬ್ಬ ಸಂಗೀತದ ಗುರುಗಳಿದ್ದರು. ಅಂಥವರು ಹಿಂದೆ ಇರಲಿಲ್ಲ, ಮುಂದೆ ಹುಟ್ಟುವುದೂ ಇಲ್ಲ. ಪ್ರಾಯದಲ್ಲಿ ಅವರು ಹಾಡಿದರೆ ಮೀನುಗಳು ದಂಡೆಗೆ ಬಂದು ಸಾಲಾಗಿ ಕೂರುತ್ತಿದ್ದವು. ಹಾಡು ಮುಗಿದರೂ ನೀರಿಗಿಳಿಯುವುದನ್ನು ಮರೆತು ಎಷ್ಟೋ ಮೀನು ಅಲ್ಲೇ ಒಣಗಿಹೋದವು. ಪಾಪ ತಟ್ಟೀತೆಂದು ಅಜ್ಜ ಆಮೇಲೆ ಹೊಳೆಗೆ ಬೆನ್ನು ಮಾಡಿ ಹಾಡತೊಡಗಿದರು.

ವಯಸ್ಸಾಯಿತು. ಆ ಕಂಠ ಕೂತುಹೋಯಿತು. ತಲೆಯೊಳಗೆ ಹೊಸ ಸಂಗೀತ ಹುಟ್ಟುವುದು ಮಾತ್ರ ನಿಲ್ಲಲಿಲ್ಲ. ಯಾವ ರಾಗದ ಮನೆಗೂ ಸೇರದ, ಪಿಟೀಲು, ಕ್ಲಾರಿನೆಟ್ಟು, ಕಂಚಿನ ತಾಟು ಎಲ್ಲ ಕೂಡಿ ನುಡಿಸುವಂಥ ಸಂಗೀತ ಅದು. ಅಜ್ಜ ನೆಲ ತಟ್ಟಿ ಪಿಸುದನಿಯಲ್ಲಿ ಹೇಳುವರು, ಶಿಷ್ಯ ಕಲ್ಮೇಶ ಬರೆದುಕೊಳ್ಳುವನು.

ಬರೆಯುವುದು ಕಂಪ್ಯೂಟರಿನಲ್ಲಿ. ಯಾರೋ ಪುಣ್ಯಾತ್ಮರು ಲೋಕಕ್ಕೆಲ್ಲ ಪುಕ್ಕಟೆ ಬಿಟ್ಟುಕೊಟ್ಟ ಸಾಫ್ಟ್‌ವೇರು. ಸ್ವರವನ್ನು ಅಕ್ಷರದಲ್ಲಿ, ಅದರ ಉದ್ದವನ್ನು ಅಂಕಿಯಲ್ಲಿ ಟೈಪ್ ಮಾಡಬೇಕು, ಅಷ್ಟೇ. ಆಮೇಲೆ ಒಂದು ಗುಂಡಿ ಒತ್ತಿದರೆ ಐದು ಗೆರೆಗಳ ಮೇಲೆ ಸ್ವರಗಳು ಮುತ್ತು ಪೋಣಿಸಿದ ಹಾಗೆ ಕೂತ ಹಾಳೆ ಹೊರಗೆ ಬರುತ್ತದೆ. ಕಲ್ಮೇಶನ ಹಾಳೆಯಲ್ಲಿ ತಪ್ಪು ಹುಡುಕಿ ಹುಡುಕಿ ಪಟ್ಟಣದ ವಾದ್ಯಗಾರರ ಕನ್ನಡಕವೇ ಸವೆದುಹೋಗಿತ್ತಂತೆ. ತಪ್ಪಿಲ್ಲದೆ ಬರೆಯುವವನೆಂಬ ಆ ಹೆಸರೇ ಅವನ ಆಸ್ತಿ.

ಅಜ್ಜನ ಕಡೆಯ ಕೃತಿ ಅಡಿಗೆಮನೆಯ ಫಕೀರವ್ವನ ನಡಿಗೆಯ ಮೇಲೆ.

ಫಕೀರವ್ವನ ಎಡಗಾಲು ಗಿಡ್ಡ. ರೊಟ್ಟಿಬುಟ್ಟಿ ಹೊತ್ತು ಬರುವಾಗ ಒಂದು ಹೆಜ್ಜೆ ಉದ್ದ, ಒಂದು ಹೆಜ್ಜೆ ಮೊಟಕು. ಹಸಿದ ಆಶ್ರಮವೆಲ್ಲ ಕಿವಿಯಾಗಿ ಕಾಯುತ್ತಿದ್ದುದು ಆ ಸಪ್ಪಳಕ್ಕೆ. ನನ್ನ ಕಂಠ ಹೋಯಿತು, ಅವಳ ಸಪ್ಪಳವೂ ಒಂದು ದಿನ ಹೋದೀತು, ಹಾಳೆಯ ಮೇಲೆ ಉಳಿದದ್ದೇ ಉಳಿದೀತು ಎಂದು ಅಜ್ಜ ಕಲ್ಮೇಶನಿಗೆ ಹೇಳಿ ಹೇಳಿ ಬರೆಸಿದ್ದರು.

ವಾದ್ಯಗಾರರು ಬಂದರು. ಹಾಳೆ ನೋಡಿ ನುಡಿಸಿದರು. ಫಕೀರವ್ವ ಕಂಬಕ್ಕೊರಗಿ ಕೇಳಿದಳು. ಕೇಳುತ್ತ ಕೇಳುತ್ತ ಅವಳ ಮುಖ ಗಂಟಿಕ್ಕಿತು.

‘ಇದ್ಯಾರ ನಡಿಗೀರಿ ಅಜ್ಜಾರ? ನಂದಂತೂ ಅಲ್ಲ. ನನ್ನ ಕಾಲು ಯಾರು ನೆಟ್ಟಗ ಮಾಡ್ಯಾರ, ನನಗ ಒಂದು ಮಾತೂ ಕೇಳದನ?’

ಅಷ್ಟಂದು ಸೆರಗು ಕೊಡವಿ ಒಳಗೆ ಹೋದಳು.

ಅಜ್ಜ ಆ ಹೆಜ್ಜೆಗಳ ಜಾಗವನ್ನು ಮತ್ತೆ ನುಡಿಸಲು ಹೇಳಿದರು. ಮೊಟಕು ಹೆಜ್ಜೆಯ ಬೆನ್ನಿಗೆ ಅರ್ಧ ಎಣಿಕೆಯ ಮೌನ ಬಂದು ಕೂತಿತ್ತು. ಅಷ್ಟು ಹೊತ್ತು ವಾದ್ಯಗಳೆಲ್ಲ ನಿಂತು ಕಾಯುತ್ತಿದ್ದವು. ಫಕೀರವ್ವ ಪೊಲೀಸರ ಕವಾಯತಿನಲ್ಲಿ ನಡೆದ ಹಾಗಾಗಿತ್ತು.

ಮೌನ ಹಾಕಿದವನು ತಾನೇ ಎಂದು ಕಲ್ಮೇಶ ಒಪ್ಪಿಕೊಂಡ. ತಾಳವನ್ನು ಭಾಗ ಮಾಡುವ ಪ್ರತಿ ಎರಡು ನಿಲುಗೆರೆಗಳ ನಡುವೆ ಎಣಿಕೆ ಸಮ ಇರಬೇಕು, ಅಲ್ಲಿ ಇರಲಿಲ್ಲ, ಸಾಫ್ಟ್‌ವೇರು ತಕರಾರು ತೆಗೆಯಿತು, ಮೌನ ತುಂಬಿದ ಮೇಲೆ ಸುಮ್ಮನಾಯಿತು ಎಂದ. ಹೇಳುತ್ತ ಹೇಳುತ್ತ ಅವನಿಗೂ ಸಿಟ್ಟು ಏರಿತು. ಕಣ್ಣು ಉರಿಯುವ ತನಕ ದುಡಿದದ್ದು ಯಾರಿಗೂ ಕಾಣಲಿಲ್ಲ, ಅರ್ಧ ಎಣಿಕೆ ಮಾತ್ರ ಕಂಡಿತು, ಅದೂ ವಾದ್ಯಗಾರರ ಎದುರಿಗೆ.

‘ತಕರಾರು ಅಂದ್ಯಲ್ಲ,’ ಅಜ್ಜ ಕೇಳಿದರು, ‘ಏನಂತು ಅದು?’

‘ಇಲ್ಲಿ ಕಮ್ಮಿ ಐತಿ ಅಂತು.’

‘ತುಂಬು ಅಂತೇನು?’

‘ಇಲ್ರಿ.’

‘ಕಮ್ಮಿ ಇದ್ರ ನಾ ಹಾಳಿ ಕೊಡೂದಿಲ್ಲ ಅಂತ ಹಟ ಹಿಡೀತೇನು?’

ಕಲ್ಮೇಶ ತಲೆ ತಗ್ಗಿಸಿದ. ‘ಇಲ್ರಿ ಅಜ್ಜಾರ. ಕಮ್ಮಿ ಐತಿ ಅಂತ ಹೇಳಿ, ಬರದದ್ದನ್ನ ಬರದಂಗ ತೆಗೆದುಕೊಟ್ಟಿತ್ತು.’

‘ಪುಕ್ಕಟೆ ಬಂದ ಯಂತ್ರಕ್ಕ ಇದ್ದ ಮರ್ಯಾದಿ, ಅಕಿ ರೊಟ್ಟಿ ತಿಂದ ನಿನಗಿಲ್ಲ.’

ಕಲ್ಮೇಶ ಇನ್ನು ಈ ಆಶ್ರಮದ ಋಣ ಹರಿಯಿತು ಎಂದುಕೊಂಡು ಎದ್ದ. ಅಜ್ಜ ಅವನನ್ನು ತಡೆಯಲಿಲ್ಲ. ಹೋಗುವುದಾದರೆ ಹೋಗು, ವಾದ್ಯಗಾರರು ಆಗಲೇ ಎದ್ದುಹೋಗಿ ಹೊಳೆಯ ಮರದಡಿ ಹಸಿದು ಕೂತಿದ್ದಾರೆ, ಫಕೀರವ್ವನ ಜೊತೆ ಅಂಬಲಿಯ ಹಂಡೆ ಅಲ್ಲಿಗೆ ಮುಟ್ಟಿಸಿ ಹೋಗು ಎಂದರು.

ಹಂಡೆಯನ್ನು ಬಿದಿರಿನ ಗಳಕ್ಕೆ ತೂಗಹಾಕಿದರು. ಮುಂದೆ ಫಕೀರವ್ವನ ಹೆಗಲು, ಹಿಂದೆ ಕಲ್ಮೇಶನ ಹೆಗಲು. ಆ ಹಂಡೆಯೋ, ಒಂದು ಆನೆ ಮಿಂದು ಬರುವಷ್ಟು ದೊಡ್ಡದು.

ಅವಳ ಮೊಟಕು ಹೆಜ್ಜೆ ಬಂದಾಗ ಕಲ್ಮೇಶ ಪಾಪ ಎಂದು ಅರೆಗಳಿಗೆ ನಿಂತ. ಹಂಡೆ ತೂಗಿ ಬಿಸಿ ಅಂಬಲಿ ಅವನ ಮೊಣಕಾಲಿಗೆ ಚೆಲ್ಲಿತು. ಮತ್ತೆ ನಿಂತ, ಮತ್ತೆ ಚೆಲ್ಲಿತು.

ಫಕೀರವ್ವ ಹಿಂತಿರುಗಿ ನೋಡದೆಯೇ ಬೈದಳು. ‘ಯಾಕ ನಿಲ್ಲಾಕತ್ತೀಯೋ ತಮ್ಮಾ? ನಾ ನಿಂತೇನೇನು?’

ಅವನು ನಿಲ್ಲುವುದನ್ನು ಬಿಟ್ಟ. ಅವಳು ಮೊಟಕು ಹಾಕಿದರೆ ತಾನೂ ಮೊಟಕು ಹಾಕಿದ. ಹಂಡೆಯೊಳಗಿನ ಅಂಬಲಿ ಕನ್ನಡಿಯಂತೆ ಸುಮ್ಮನಾಯಿತು. ಕಲ್ಲುದಾರಿ ಮುಗಿದು ಮರದಡಿ ಮುಟ್ಟುವವರೆಗೆ ಒಂದು ಹನಿ ಹೊರಗೆ ಬೀಳಲಿಲ್ಲ.

ಕಲ್ಮೇಶ ಊರಿಗೆ ಹೋಗಲಿಲ್ಲ. ತಿರುಗಿ ಬಂದು ಕಂಪ್ಯೂಟರಿನ ಮುಂದೆ ಕೂತು ಆ ಮೌನವನ್ನು ಅಳಿಸಿದ. ಹೊಸ ಹಾಳೆ ಬಂತು. ಅದನ್ನು ಕೈಯಲ್ಲಿ ಹಿಡಿದುಕೊಂಡವನಿಗೆ ಜೀವ ತಡೆಯಲಿಲ್ಲ, ಅಜ್ಜನ ಹತ್ತಿರ ಹೋದ.

‘ಇಲ್ಲಿ ಬೇಕಂತನ ಕಮ್ಮಿ ಇಟ್ಟೀವಿ ಅಂತ ಮ್ಯಾಲೆ ಒಂದು ಮಾತು ಬರೀಲೇನ್ರಿ?’

‘ಅಕಿ ಹಣಿಗೆ ಚೀಟಿ ಅಂಟಿಸಿಕೊಂಡು ನಡೀತಾಳೇನು?’

ಕಲ್ಮೇಶ ಹಾಳೆಯನ್ನೇ ನೋಡುತ್ತ ನಿಂತ. ‘ಮುಂದ ಫಕೀರವ್ವನ್ನ ಕಾಣದವರು ಇದನ್ನ ಓದತಾರ ಅಜ್ಜಾರ. ಬರದ ಮಗನಿಗೆ ಲೆಕ್ಕ ಬರತಿರಲಿಲ್ಲ ಅಂತ ನನ್ನ ಬೈತಾರ.’

‘ಬೈಲಿ. ಆ ಬೈಗಳ ನೀ ಹೊತ್ತರ, ಅಕಿ ನೂರು ವರ್ಷ ನಡೀತಾಳ.’