ಕಾದವಳ ಕಟ್ಟೆ

ಊರ ಪಡುವಣ ದಿಬ್ಬದ ಮೇಲೆ, ಹಳೆಯ ಮಸೀದಿಯ ಎದುರು, ಬೇವಿನ ಬುಡದಲ್ಲಿ ಒಂದು ಕಲ್ಲುಕಟ್ಟೆಯಿದೆ. ಅದರ ಕೆಳಗೊಂದು ಗೋರಿ. ಗಂಡಸರ ಗೋರಿಯ ಮೇಲೆ ಕಲಮದಾನಿಯನ್ನು, ಎಂದರೆ ಲೇಖನಿಯ ಪೆಟ್ಟಿಗೆಯನ್ನು, ಹೆಂಗಸರ ಗೋರಿಯ ಮೇಲೆ ಬರೆಯುವ ಹಲಗೆಯನ್ನು ಕೆತ್ತುವುದು ಈ ಸೀಮೆಯ ವಾಡಿಕೆ. ಇದರ ಮೇಲಿರುವುದು ಹಲಗೆ. ಆದರೆ ಒಳಗೆ ಮಲಗಿರುವವರು ಖಾಜಿ ಜಹೀರುದ್ದೀನರು. ಸುಲ್ತಾನರ ಕಾಲದಲ್ಲಿ ಅವರಂಥ ನ್ಯಾಯಶಾಸ್ತ್ರಜ್ಞ ಇನ್ನೊಬ್ಬರಿರಲಿಲ್ಲ ಎನ್ನುತ್ತಾರೆ. ಹಾಗಿದ್ದೂ ಈ ಜಾಗಕ್ಕೆ ಅವರ ಹೆಸರಿಲ್ಲ.

ಹಿಂದೆ ಒಮ್ಮೆ ಸಕೀನಾಬಿ ಎಂಬ ಹರೆಯದ ಹೆಣ್ಣುಮಗಳು ಈ ಕಟ್ಟೆಗೆ ಬಂದು ಕೂತಳು. ಕುದುರೆ ವ್ಯಾಪಾರಕ್ಕೆಂದು ಕರಾವಳಿಗೆ ಹೋದ ಗಂಡ ವರ್ಷಗಳಾದರೂ ಮರಳಿರಲಿಲ್ಲ. ಸತ್ತನೆಂಬ ಸುದ್ದಿಯೂ ಇಲ್ಲ. ನೇಕಾರನೊಬ್ಬ ಅವಳನ್ನು ಮದುವೆಯಾಗಲು ಸಿದ್ಧನಿದ್ದ. ಖಾಜಿಯ ತೀರ್ಪೊಂದು ಸಿಕ್ಕರೆ ಸಾಕಿತ್ತು. ಖಾಜಿಯವರೋ ತಮ್ಮ ಮಹಾಗ್ರಂಥದಲ್ಲಿ ಮುಳುಗಿದ್ದರು. ಕಾಣೆಯಾದವನ ಹೆಂಡತಿ ನಾಲ್ಕು ವರ್ಷ ಕಾದರೆ ಸಾಕೆಂದು ಒಂದು ಪಂಥ. ಗಂಡನ ಓರಗೆಯವರೆಲ್ಲ ಸಾಯುವವರೆಗೂ ಕಾಯಬೇಕೆಂದು ಅವರ ಸ್ವಂತ ಪಂಥ. ಮೊದಲನೆಯದೇ ಸರಿಯೆಂದು ಅವರ ಮನಸ್ಸು ಹೇಳುತ್ತಿತ್ತು. ಆದರೆ ಗುರುಗಳ ಮಾತು ಮೀರುವುದೆಂದರೆ ಹುಡುಗಾಟವೇ? "ಗ್ರಂಥದಲ್ಲಿ ಇದರ ಅಧ್ಯಾಯ ಮುಗಿಯಲಿ, ತಾಯಿ" ಎಂದರು. ಪ್ರತಿ ಶುಕ್ರವಾರ ಅವಳು ಬಂದು ಕೂರುವಳು, ಅವರು ಅದೇ ಮಾತು ಹೇಳುವರು. ಒಂದು ಆಕ್ಷೇಪಕ್ಕೆ ಉತ್ತರ ಬರೆದರೆ ಇನ್ನೊಂದು ಹುಟ್ಟುತ್ತಿತ್ತು. ಅಯ್ಯೋ, ಆ ಅಧ್ಯಾಯ ಹನುಮಂತನ ಬಾಲವಾಯಿತು! ನೇಕಾರ ಕಾದು ಸಾಕಾಗಿ ಬೇರೆ ಮದುವೆಯಾದ. ಖಾಜಿಯವರ ಬೆನ್ನು ಬಾಗಿತು, ಕಣ್ಣು ಮಂಜಾಯಿತು, ಕಟ್ಟೆಯತ್ತ ನೋಡುವುದೇ ಅವರಿಗೆ ಭಾರವಾಯಿತು.

ಕೊನೆಗೊಂದು ಶುಕ್ರವಾರ ಅಧ್ಯಾಯ ಮುಗಿಯಿತು. ಖಾಜಿಯವರು ಕೋಲೂರಿಕೊಂಡು ತಾವೇ ಕಟ್ಟೆಗೆ ಬಂದು, "ನಿನಗೆ ಬಿಡುಗಡೆಯಾಯಿತು, ತಾಯಿ" ಎಂದರು. ಸಕೀನಾಬಿ ಸೆರಗು ಸರಿಸಿ ಬೆಳ್ಳಗಾದ ತಲೆ ತೋರಿಸಿದಳು. "ಖಾಜಿಸಾಬ್ರ, ನಿಮ್ಮ ಪುಸ್ತಕ ಚಂದ ಆಗಿರಬೇಕು. ಈಗ ನಾ ಯಾರ ಮನಿಗೆ ಹೋಗ್ಲಿ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಷ್ಟೇ ಇತ್ತು. ಖಾಜಿಯವರು ಅವಳ ಕಾಲಬಳಿ ನೆಲದ ಮೇಲೆ ಕುಸಿದು ಕೂತರು. ಆಮೇಲೆ ಅವರು ಲೇಖನಿ ಮುಟ್ಟಲಿಲ್ಲ. ಸಾಯುವಾಗ ಶಿಷ್ಯರಿಗೆ ಹೇಳಿದ್ದು ಇಷ್ಟೇ: "ನನ್ನನ್ನು ಆ ಕಟ್ಟೆಯ ಕೆಳಗೆ ಮಣ್ಣು ಮಾಡಿ. ಕಲಮದಾನಿ ಬೇಡ, ಹಲಗೆ ಕೆತ್ತಿ. ಹೊತ್ತಿಗೆ ಸರಿಯಾಗಿ ಬರೆಯದ ಕೈಗೆ ಲೇಖನಿಯ ಗುರುತೇಕೆ?"

ಗ್ರಂಥ ದೊಡ್ಡ ದೊಡ್ಡ ಪಟ್ಟಣಗಳಿಗೆ ಹೋಯಿತಂತೆ, ಆಮೇಲೆ ಎಲ್ಲೋ ಕಳೆದುಹೋಯಿತಂತೆ. ಊಟಕ್ಕಿಲ್ಲದ ಉಪ್ಪಿನಕಾಯಿ ಇದ್ದರೇನು, ಬಿಟ್ಟರೇನು! ಸಕೀನಾಬಿಯನ್ನು ಎಲ್ಲಿ ಹೂಳಿದರೋ ಅದೂ ಯಾರಿಗೂ ತಿಳಿಯದು. ಅವಳು ಕೂತು ಕೂತು ಸವೆದ ಕಲ್ಲು ಮಾತ್ರ ಇಂದಿಗೂ ಕಟ್ಟೆಯ ಮೇಲಿದೆ. ಹೊಸಬರು ಗೋರಿಯ ಮೇಲಿನ ಹಲಗೆ ಕಂಡು, ಕಾದವಳು ಇವಳೇ ಇರಬೇಕೆಂದು ಹಸಿರು ಬಳೆ ಇಟ್ಟು ಹೋಗುತ್ತಾರೆ. ಊರವರು ಯಾರೂ ಅವರನ್ನು ತಿದ್ದುವುದಿಲ್ಲ.