ಇಳಿಸಿದ ಮೂರನೇ ಸ್ವರ

ಹೊಳೆದಂಡೆಯ ಆಶ್ರಮದಲ್ಲಿ ಏಸ್ರಾ ಮಾಸ್ಟ್ರು ಹಾಡು ಕಲಿಸುತ್ತಿದ್ದರು.

ಅಲ್ಲಿ ಯಾರಾದರೂ ತೀರಿಕೊಂಡರೆ, ಶವದ ಪೆಟ್ಟಿಗೆಯನ್ನು ಗುಡ್ಡದ ಮೇಲಿನ ಸಮಾಧಿ ಸ್ಥಳಕ್ಕೆ ಹೊತ್ತು ಒಯ್ಯುವಾಗ ಹಾಡುವ ಹಾಡೊಂದಿತ್ತು. ಅದು ಪೂರ್ತಿ ಗೊತ್ತಿದ್ದದ್ದು ಮಾಸ್ಟ್ರೊಬ್ಬರಿಗೇ. ಎಲ್ಲೂ ಬರೆದಿಟ್ಟಿರಲಿಲ್ಲ.

ಸೋಮವಾರ ಅವರ ಗಂಟಲಿನ ಆಪರೇಷನ್. ಆಮೇಲೆ ದನಿ ಉಳಿಯುತ್ತದೆಂದು ಡಾಕ್ಟರು ಮಾತು ಕೊಟ್ಟಿರಲಿಲ್ಲ.

"ಅಷ್ಟರೊಳಗೆ ನಾನು ಬರೆದು ಮುಗಿಸುತ್ತೇನೆ" ಎಂದಳು ಶಿಷ್ಯೆ ಪ್ರಿಸಿಲ್ಲ.

ಎರಡು ದಿನ ಮಾಸ್ಟ್ರು ಒಡಕು ದನಿಯಲ್ಲಿ ಹಾಡಿದರು. ಅವಳು ಲ್ಯಾಪ್‌ಟಾಪಿನಲ್ಲಿ ನೊಟೇಶನ್ ಬರೆದಳು. ಶುರುವಿನಲ್ಲೇ ಸಾಫ್ಟ್‌ವೇರ್ ಹಾಡಿನ ಸ್ವರಶ್ರೇಣಿ ಯಾವುದೆಂದು ಕೇಳಿತ್ತು: ಮೇಜರೋ, ಮೈನರೋ? ಅವಳು ಮೈನರ್ ಒತ್ತಿದ್ದಳು.

ಶನಿವಾರ ಮಧ್ಯಾಹ್ನ ಬರೆದದ್ದನ್ನು ಲ್ಯಾಪ್‌ಟಾಪಿನಲ್ಲೇ ನುಡಿಸಿ ಕೇಳಿಸಿದಳು.

"ಇದು ಯಾರ ಹಾಡು ಮಾರಾಯ್ತಿ?" ಎಂದರು ಮಾಸ್ಟ್ರು.

"ನಿಮ್ಮದೇ."

"ನಾನು ಹೀಗೆ ಹಾಡಿದ್ದಾ?"

ಪ್ರಿಸಿಲ್ಲ ತಲೆ ತಗ್ಗಿಸಿದಳು. "ಮೂರನೇ ಸ್ವರವನ್ನು ನೀವು ಮೇಲೆ ಹಿಡಿಯುತ್ತಿದ್ದಿರಿ. ಗಂಟಲು ಸರಿ ಇಲ್ಲವಲ್ಲ, ತಪ್ಪಿ ಹೋಗುತ್ತಿದೆ ಅಂದುಕೊಂಡೆ. ಅರ್ಧ ಸ್ವರ ಇಳಿಸಿದೆ."

"ಯಾಕೆ ಇಳಿಸಬೇಕು?"

"ಸಾವಿನ ಹಾಡಲ್ಲವಾ ಮಾಸ್ಟ್ರೇ? ದುಃಖದ ಹಾಡು ಮೈನರಿನಲ್ಲೇ ಇರಬೇಕು."

ಮಾಸ್ಟ್ರು ಎದ್ದರು. ಪ್ರಾರ್ಥನೆ ಕೋಣೆಯ ಉದ್ದದ ಬೆಂಚು ತೋರಿಸಿದರು. "ಆ ತುದಿ ಹಿಡಿ. ಗುಡ್ಡದ ಮೇಲೆ ಇಟ್ಟು ಬರುವ."

"ಸೋಮವಾರ ಹತ್ತಿರ ಬಂತು. ಬೆಂಚು ಹೊರಲಿಕ್ಕೆ ಪುರುಸೊತ್ತಿಲ್ಲ."

"ಹಾಗಾದರೆ ಬೇಗ ಎತ್ತು."

"ನಿಮಗೆ ಹುಷಾರಿಲ್ಲ!"

"ಕೆಟ್ಟದ್ದು ಗಂಟಲು. ತೋಳಲ್ಲ."

ಮುಂದಿನ ತುದಿ ಅವರು ಹಿಡಿದರು, ಹಿಂದಿನದು ಅವಳು.

"ನೀನು ಬರೆದ ಹಾಗೇ ಹಾಡುತ್ತಾ ಬಾ" ಎಂದರು.

ಅವಳು ಹಾಡಿದಳು. ಏರು ಶುರುವಾಯಿತು. ಆ ಸ್ವರ ಇಳಿದಾಗಲೆಲ್ಲ ಅವಳ ಕಾಲು ತಡವರಿಸಿತು. ಅರ್ಧ ದಾರಿಯಲ್ಲಿ ಉಸಿರೇ ಸಾಲಲಿಲ್ಲ.

"ಸಾಕು ಮಾಸ್ಟ್ರೇ. ಇಲ್ಲೇ ಇಳಿಸುವ."

"ಇಲ್ಲಿ ಯಾರೂ ಇಳಿಸುವುದಿಲ್ಲ."

ಮಾಸ್ಟ್ರು ತಾವೇ ಹಾಡತೊಡಗಿದರು. ದನಿ ಒಡೆಯಿತು, ಕೆಮ್ಮು ಬಂತು, ಮತ್ತೆ ಹಾಡಿದರು. ಮೂರನೇ ಸ್ವರ ಮಾತ್ರ ಪ್ರತಿ ಸಲವೂ ಮೇಲೆಯೇ ನಿಂತಿತು.

ಹಿಂದಿನಿಂದ ಪ್ರಿಸಿಲ್ಲ ನೋಡಿದಳು. ಪ್ರತಿ ಸಾಲಿನಲ್ಲೂ ಆ ಸ್ವರ ಬಂದಾಗಲೇ ಅವರ ಬಲಗಾಲು ಮೇಲಕ್ಕೆ ಹೋಗುತ್ತಿತ್ತು.

ಅವಳೂ ದನಿ ಸೇರಿಸಿದಳು. ಕಾಲೂ ಸೇರಿತು. ಬೆಂಚು ಗುಡ್ಡದ ತುದಿ ಮುಟ್ಟಿತು.

ಕೆಳಗೆ ಬಂದವಳೇ ಲ್ಯಾಪ್‌ಟಾಪ್ ತೆರೆದಳು. ಪಟ್ಟಿಯಲ್ಲಿ ಮೇಜರ್ ಆರಿಸಿದಳು. ಪ್ರತಿ ಸಾಲಿನ ತಲೆಯಲ್ಲಿದ್ದ, ಸ್ವರ ಇಳಿಸುವ ಮೂರು ಫ್ಲ್ಯಾಟ್ ಗುರುತುಗಳು ಹೋದವು. ತಾನು ಇಳಿಸಿದ್ದನ್ನೆಲ್ಲ ಒಂದೊಂದಾಗಿ ಏರಿಸಿದಳು. ಸಂಜೆ ಪ್ರಾರ್ಥನೆಯ ಗಂಟೆ ಹೊಡೆದಾಗಲೂ ಏಳಲಿಲ್ಲ.

ಮುಗಿಸಿ ಕೇಳಿಸಿದಳು. ಮಾಸ್ಟ್ರು ಕೊನೆಯ ಸ್ವರದವರೆಗೂ ಕಣ್ಣು ಮುಚ್ಚಿ ಕೇಳಿದರು. ಸರಿ ಎಂದು ತಲೆಯಾಡಿಸಿದರು.

ಆದರೂ ಅವಳಿಗೆ ಸಮಾಧಾನವಿಲ್ಲ. "ಮಾಸ್ಟ್ರೇ, ಸತ್ತವರಿಗಾಗಿ ಈ ಹಾಡು ಒಂದು ಸಲವೂ ಅಳುವುದಿಲ್ಲವಲ್ಲ?"

ಮಾಸ್ಟ್ರು ಹೇಳಿದರು: "ಅಳುವವರು ಹಿಂದಿನಿಂದ ಬರುತ್ತಾರೆ ಮಗಾ. ಇದು ಹೊರುವವರ ಹಾಡು."